ಅನುಕರಣಾವ್ಯಯ

ಸಿನಿಮಾ ಮುಗಿಯುವ ಮುಂಚೆ ಏಳು ಸೆಕೆಂಡು ಬರೀ ಕತ್ತಲು.
ಕತ್ತಲೊಳಗೆ ಮೂರು ಸಲ ಒಂದು ಸದ್ದು.
ಆಮೇಲೆ ಹೆಸರುಗಳು ಮೇಲೇರುತ್ತವೆ,
ಅಡುಗೆಯವರದು, ಡ್ರೈವರುಗಳದು.
ನನ್ನದಿಲ್ಲ.

ನನ್ನ ಕೆಲಸ ಕಿವಿ ಕೇಳದವರಿಗೆ ತೆರೆಯಡಿ ಸಾಲು ಬರೆಯುವುದು.
ಮಾತಾದರೆ ಸುಲಭ. ಮಾತಲ್ಲದ್ದನ್ನೂ ಬರೆಯಬೇಕು:
ಬಾಗಿಲು ಕಿರುಗುಟ್ಟುತ್ತದೆ. ದೂರದಲ್ಲಿ ನಾಯಿ. ಮಳೆ ನಿಲ್ಲುತ್ತದೆ.
ಒಂದು ಸಾಲಿಗೆ ಮೂವತ್ತೇಳು ಅಕ್ಷರ, ಬಿಟ್ಟ ಜಾಗವೂ ಸೇರಿ.
ಹಲ್ ಊರಿನ ಈ ಮಾಳಿಗೆ ಕೋಣೆಗೆ
ಹಂಬರ್ ನದಿಯ ಮಂಜು ಬಂದು ಕಿಟಕಿಗೆ ಮುಖವೊತ್ತಿ ನಿಂತಿದೆ.
ಹೆಡ್‌ಫೋನ್ ಹಾಕಿಕೊಂಡು ಆ ಮೂರು ಸದ್ದನ್ನು
ನಲವತ್ತೊಂದನೆಯ ಸಲ ಕೇಳುತ್ತಿದ್ದೇನೆ.

ಕಥೆ ಇಷ್ಟೇ. ಒಬ್ಬಳು, ಶನಿಯ ಬಳೆಗಳಾಚೆ, ಹನ್ನೊಂದು ವರ್ಷ.
ನೌಕೆ ಕೆಡುತ್ತದೆ. ಗಾಳಿ ಮುಗಿಯುತ್ತ ಬರುತ್ತದೆ.
ಮುಂದಿನ ದೃಶ್ಯ ಅವಳ ಅಡುಗೆಮನೆ:
ಕೆಟಲಿನ ಮೂತಿಯಲ್ಲಿ ಹಬೆ, ಮೇಜಿನ ಮೇಲೆ ಅರ್ಧ ಸುಲಿದ ಕಿತ್ತಳೆ.
ಅವಳು ತಿರುಗಿ ನೋಡುತ್ತಾಳೆ.
ಕತ್ತಲು.

ಬಾಗಿಲು ತಟ್ಟಿದ್ದಾದರೆ ಬದುಕಿ ಬಂದಿದ್ದಾಳೆ,
ಹೊರಗೆ ಯಾರೋ ನಿಂತಿದ್ದಾರೆ.
ನೌಕೆಯ ತಗಡಿಗೆ ಏನೋ ಬಡಿದದ್ದಾದರೆ
ಅಡುಗೆಮನೆ ಸುಳ್ಳು, ಕಿತ್ತಳೆ ಸುಳ್ಳು,
ಉಸಿರುಗಟ್ಟಿದ ಮಿದುಳು ತನಗೆ ತಾನೇ ಕೊಟ್ಟ ಲಂಚ.
ಎದೆಬಡಿತವಾದರೆ? ಮೂರೇ ಯಾಕೆ?

ಕಾಸು ಕೊಟ್ಟು ಕೂತವರಿಗೆ ಜಗಳಾಡುವ ಸುಖವುಂಟು,
ಪಬ್ಬಿನಲ್ಲಿ ಎರಡು ಗ್ಲಾಸಿಗೆ ಎರಡು ಅಂತ್ಯ.
ನಾನು ಮಾತ್ರ ಒಂದನ್ನೇ ಬರೆಯಬೇಕು.
ನಿರ್ದೇಶಕನಿಗೆ ಮೇಲ್ ಹಾಕಿದೆ. ಉತ್ತರ ಒಂದು ಸಾಲು:
'ಏನು ಕೇಳಿಸಿತೋ ಅದೇ.'
ಪುಣ್ಯಾತ್ಮ, ಕೇಳಿಸದವರಿಗಾಗಿಯೇ ಅಲ್ಲವೇ ನಾನು ಕೇಳಿದ್ದು!

ರಾತ್ರಿ ಒಂದೂವರೆಗೆ ಹಿರಿಯೂರಿನ ಎಂಟನೇ ಕ್ಲಾಸು ನೆನಪಾಯಿತು,
ಮೊಣಕೈವರೆಗೂ ಸೀಮೆಸುಣ್ಣದ ಚನ್ನವೀರಯ್ಯ ಮೇಷ್ಟ್ರು:
'ಪಟಪಟ, ಧಗಧಗ, ಚಟಚಟ,
ಅರ್ಥವಿಲ್ಲ ಕಣ್ರೋ ಇವಕ್ಕೆ; ಕೇಳಿದ ಹಾಗೆ ಅನ್ನುವುದಷ್ಟೇ.
ಲಿಂಗಕ್ಕೆ, ವಚನಕ್ಕೆ, ವಿಭಕ್ತಿಗೆ ಬಗ್ಗುವುದಿಲ್ಲ.
ಅದಕ್ಕೇ ಅವ್ಯಯ.'
ಹಿಂದಿನ ಬೆಂಚಿನ ರುದ್ರಮುನಿ ಎದ್ದು
'ಸಾರ್, ಹಸಿದ ಹೊಟ್ಟೆ ಗುರ್ ಅಂದರೂ ಅರ್ಥ ಇಲ್ವಾ?' ಅಂದಿದ್ದ.
ಪಿರಿಯಡ್ಡು ಮುಗಿಯುವ ತನಕ ಬೆಂಚಿನ ಮೇಲೇ ನಿಂತಿದ್ದ.

ಬರೆದೆ: ಟಕ್. ಟಕ್. ಟಕ್.
ಕಚೇರಿಯ ಫಿಲಿಪಾ ಕೆಂಪು ಗುರುತು ಹಾಕಿದಳು:
'ಯಾವುದರ ಸದ್ದು? ನಿಯಮದಂತೆ ಮೂಲ ಹೇಳಬೇಕು.'
ಗಡುವು ಬೆಳಗಿನ ಒಂಬತ್ತಕ್ಕೆ.
ಕೊನೆಗೆ ಹೋದದ್ದು: ಹತ್ತಿರದಲ್ಲಿ ಮೂರು ಸಲ ಸದ್ದು.
'ಹತ್ತಿರದಲ್ಲಿ' ನನ್ನದು.
ಅದಕ್ಕೆ ಆಧಾರವಿಲ್ಲ.

ಮಂಗಳವಾರ ಮಧ್ಯಾಹ್ನ ಸಾಲು ಸಮೇತದ ಆಟ, ಒಂಬತ್ತು ಜನ.
ಮೊರೀನ್ ಟಾಸ್ಕರ್, ಏಳರ ಜ್ವರದಲ್ಲಿ ಕಿವಿ ಹೋದವಳು,
ಮೀನಿನ ಡಬ್ಬಿ ಕಾರ್ಖಾನೆಯ ಗದ್ದಲದಲ್ಲಿ
ಮೂವತ್ತು ವರ್ಷ ತಲೆನೋವಿಲ್ಲದೆ ದುಡಿದವಳು,
ಹೊರಬಂದವಳೇ ನನ್ನ ಭುಜ ತಟ್ಟಿ
ಟಿಕೆಟ್ಟಿನ ಬೆನ್ನಿಗೆ ಬರೆದಳು:
'ನಿನ್ನ ಲೆಕ್ಕ ತಪ್ಪು. ಮೂರಲ್ಲ, ನಾಲ್ಕು.
ಕುರ್ಚಿಯ ಕೈಯಲ್ಲಿ ಸಿಕ್ಕಿತು ನನಗೆ.'

ಹೊರಗಿನ ರಸ್ತೆಯ ಲಾರಿಯೋ,
ಟಾಕೀಸಿನ ಹಳೇ ಬಾಯ್ಲರೋ, ಅವಳದೇ ನಾಡಿಯೋ.
ಇಲ್ಲವೆಂದು ತಲೆಯಾಡಿಸಿದೆ.
ಅವಳೂ ಆಡಿಸಿದಳು, ನನಗಿಂತ ಜೋರಾಗಿ.
ಆಮೇಲೆ ನನ್ನ ಮುಂಗೈ ಹಿಡಿದು
ಎರಡು ಬೆರಳಲ್ಲಿ ತಟ್ಟಿ ತೋರಿಸಿದಳು:
ಒಂದು, ಎರಡು, ಮೂರು,
ತಡೆದು,

ಬಸ್ಸು ಬಂತು. ಹತ್ತಿ ಹೋದಳು.
ಚಾಚಿದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಳ್ಳಲು
ನನಗೆ ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.