ಭಿಶಿ ದುಡ್ಡಿನ ಹಾಯಿ

ಏಳು ವರ್ಷದ ಭಿಶಿ ಲೆಕ್ಕ ನನ್ನ ಹತ್ತಿರವೇ ಇದೆ,
ಹಸಿರು ರಟ್ಟಿನ ಪುಸ್ತಕ, ಮೂಲೆಗೆ ಅರಿಶಿನದ ಕಲೆ.
ಕಡೇ ಪುಟದಲ್ಲಿ ಜುಲೇಖಾ ಬರೆದ ಸಾಲು:
ಹಾಯಿಹಡಗು, ಐದು ದಿನ, ಅಂಡಮಾನ್, ಆರು ಮಂದಿ.
ತಿಂಗಳಿಗೆಂದು ಬಿಟ್ಟ ಜಾಗ
ಇನ್ನೂ ಖಾಲಿ.

ಬ್ರಹ್ಮಪುರದ ನಮ್ಮ ಮಾಳಿಗೆ. ರಾತ್ರಿ ಒಂಬತ್ತಾದರೂ
ಪರ್ಸಿಕಲ್ಲು ಕಾದ ಹಂಚು. ಎರಡು ಕೊಡ ನೀರು ಸುರುವಿ
ಚಾಪೆ ಹಾಸಿ ಕೂತೆವು, ಮೇ ತಿಂಗಳು.
ಉಪ್ಪಿನಕಾಯಿ ಭರಣಿಗೆ ಆನಿಸಿಟ್ಟ ಫೋನಿನೊಳಗೆ
ಪೋರ್ಟ್ ಬ್ಲೇರಿನ ಡೊಮಿನಿಕ್ ಕುಜೂರ್,
ಹಡಗಿನ ಮಾಲಕನಲ್ಲ, ನಡೆಸುವವನು,
ಹಿಂದಿಯಲ್ಲಿ ತಿಂಗಳುಗಳನ್ನು
ಸೇಂಗಾ ಸುಲಿದ ಹಾಗೆ ಸುಲಿದು ಮುಂದಿಟ್ಟ:

ಜನವರಿಯಿಂದ ಏಪ್ರಿಲ್, ದೀದಿ, ಅದಕ್ಕೆ ಸಾಟಿಯಿಲ್ಲ.
ನೀರು ಕನ್ನಡಿ. ಮೂವತ್ತು ಅಡಿ ಕೆಳಗಿನ ಹವಳ ಎಣಿಸಬಹುದು.
ಮೋಡದ ಚೂರೂ ಇರೋದಿಲ್ಲ, ದಿನವಿಡೀ ಬಿಸಿಲು.
ದರ ಮಾತ್ರ ದುಪ್ಪಟ್ಟು.

ಬಿಸಿಲು ಅನ್ನುವ ಮಾತಿಗೆ
ಚಾಪೆಯ ಮೇಲೆ ಯಾರೂ ಉಸಿರೆತ್ತಲಿಲ್ಲ.
ಆಮೇಲೆ ಗೌರಾಬಾಯಿ: 'ಜನವರಿ ಅಂದ್ರ ತೊಗರಿ ಬರೋ ಕಾಲ್ರಿ.
ಗಂಜ್ ತುಂಬ ಲಾರಿ ನಿಂತಿರ್ತಾವ.
ಮಿಲ್ಲಿನ ಬೆಲ್ಟ್ ತಿರಗ್ಲತ್ತಿದಾಗ ನಾ ಲೆಕ್ಕದ ಕುರ್ಚಿ ಬಿಟ್ಟು ಎದ್ದರ
ಸಾವಕಾರ ನನ್ನೇ ಬೀಸಿ ಬೇಳಿ ಮಾಡ್ತಾನ.'
ಮಾರ್ಚ್ ಇಂದುಮತಿಯ ಪರೀಕ್ಷೆ ಪೇಪರುಗಳ ಕೆಳಗೆ ಹೂತಿದೆ.
ಏಪ್ರಿಲ್ ಕೇಳುವುದೇ ಬೇಡ ಎಂದಳು ಮಹಾನಂದಾ;
ಡ್ಯೂಟಿಯಿಂದ ಈಗಷ್ಟೇ ಬಂದಿದ್ದಳು,
ಬಿಸಿಲು ಬಡಿದವರ ಹಣೆಗೆ ಐಸ್ ಒತ್ತಿ ಒತ್ತಿ
ಬೆರಳ ತುದಿ ಇನ್ನೂ ಬೆಳ್ಳಗೆ ಸುಕ್ಕಾಗಿದ್ದವು.

ಜೂನಿನಿಂದ ಬಂದ್, ಅಂದ ಕುಜೂರ್.
ಅಲೆ ಮನೆಯೆತ್ತರ. ನನ್ನ ಹಡಗು ದಡ ಹತ್ತಿ
ಮರದ ತುಂಡುಗಳ ಮೇಲೆ ಕೂತು ಬಣ್ಣ ಹಚ್ಚಿಸಿಕೊಳ್ಳುತ್ತದೆ,
ಹೆರಿಗೆಗೆ ತವರಿಗೆ ಬಂದವಳ ಹಾಗೆ.

ಸೋನಾಬಾಯಿ ಅಲ್ಲಿವರೆಗೂ ಸುಮ್ಮನೇ ಇದ್ದಳು.
ಶಹಾಬಾದ್ ಬಸ್ಸಿನಲ್ಲಿ ಹನ್ನೆರಡು ವರ್ಷ
ಚೀಲ ಬಗಲಿಗೆ ಹಾಕಿ, ಏನನ್ನೂ ಹಿಡಿಯದೆ ನಿಂತು
ಟಿಕೆಟ್ ಹರಿದವಳು. ಅಲೆಗೆ ಅವಳೇನು ಹೆದರುತ್ತಾಳೆ.
'ಅಕ್ಟೋಬರ್‌ದಾಗ ಏನಾಗ್ತದ ಕೇಳ್ರಿ ಅವ್ರಿಗಿ.'

ಕುಜೂರ್ ತಲೆ ಕೆರೆದ. ಅಕ್ಟೋಬರಾ?
ಒಂದು ಗಾಳಿ ಪೂರ್ತಿ ಹೋಗಿರೋದಿಲ್ಲ,
ಇನ್ನೊಂದು ಪೂರ್ತಿ ಬಂದಿರೋದಿಲ್ಲ.
ಬೆಳಿಗ್ಗೆ ಹಾಯಿ ತುಂಬಿದರೆ ಮಧ್ಯಾಹ್ನ ಮಳೆ,
ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.
ತುಫಾನಿನ ಸುದ್ದಿ ಬಂದರೆ ಹೊರಡೋದೇ ಇಲ್ಲ, ಮುಂದಿನ ದಿನ ನೋಡೋಣ.
ಅರ್ಧ ದರ. ನನ್ನ ಕೇಳಿದರೆ, ಬೇಡ.

'ಅಯ್ಯ, ಚಿತ್ತಿ ಮಳಿ!' ಸೋನಾಬಾಯಿ ನಕ್ಕಳು.
'ಅದರ ಚಿತ್ತಕ್ಕ ಬಂದಲ್ಲಿ ಬೀಳ್ತದ.
ನಾ ಏನೋ ಬ್ಯಾರೆ ಸಮುದ್ರದ ಮಳಿ ಅನ್ಕೊಂಡಿದ್ದೆ.'

ಜುಲೇಖಾ ಭರಣಿ ಸಮೇತ ಫೋನು ತನ್ನ ಕಡೆ ತಿರುಗಿಸಿದಳು:
'ಭಾಯಿ, ನಮ್ಮದು ಕಲಬುರಗಿ.
ಬಿಸಿಲಿಗಿ ದುಪ್ಪಟ್ಟು ರೊಕ್ಕ ಕೊಟ್ಟು ಅಲ್ಲಿತನಕ ಬರಬೇಕಾ?
ನಾಳಿ ಬರ್ರಿ ನೀವೇ, ಈ ಮಾಳಿಗಿ ಮ್ಯಾಲ ಪುಕ್ಕಟ ಕೊಡ್ತೀವಿ.
ನಮಗ ಮೋಡ ತೋರಸ್ರಿ ಸಾಕು.'

ದಸರಾ ಸೂಟಿ, ತೊಗರಿ ಇನ್ನೂ ಹೂವಿನಲ್ಲಿ,
ಮದುವೆ ಬ್ಲೌಸುಗಳಿಗೆ ತುಳಸಿ ಲಗ್ನದ ತನಕ ಬಿಡುವು.
ಯಾರಿಗೂ ಬೇಡದ ಆ ವಾರ
ನಮ್ಮ ಆರೂ ಮಂದಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು.

ಸಮುದ್ರದ ಮೇಲೆ ಬೀಳುವ ಮಳೆ ಉಪ್ಪಿರುತ್ತದಾ
ಎಂದು ಮಹಾನಂದಾ ಕೇಳಿದಳು.
ಕುಜೂರ್ ನಗುತ್ತಾನೆ ಅಂದುಕೊಂಡೆ, ನಗಲಿಲ್ಲ.
ಸಿಹಿ, ದೀದಿ. ನಾವು ತಾಡಪತ್ರಿ ಹಿಡಿದು ಕುಡೀತೀವಿ.

ನನ್ನದೊಂದು ಸಂಗತಿ ಇವರಿಗೆ ಹೇಳಿಲ್ಲ:
ಅಪ್ಪನ ಕೆರೆಯ ಪೆಡಲಿನ ಹಂಸದಲ್ಲೇ
ಒಮ್ಮೆ ನನಗೆ ತಲೆ ತಿರುಗಿ ವಾಂತಿಯಾಗಿತ್ತು,
ದಡ ಹತ್ತು ಮಾರು ದೂರವಿತ್ತು.

ಆದರೂ ಬರೆದೆ: ಅಕ್ಟೋಬರ್, ಎರಡನೇ ವಾರ.
ಕೆಳಗೆ ಸಣ್ಣ ಅಕ್ಷರದಲ್ಲಿ: ಕೊಡೆ ತರಬಾರದು.
ತಲೆ ಎತ್ತಿದಾಗ, ಸುರುವಿದ ನೀರು ಆಗಲೇ ಆರಿತ್ತು.
ಸೋನಾಬಾಯಿ ಮೂರನೇ ಕೊಡ ಹೊತ್ತು
ಮೆಟ್ಟಿಲು ಹತ್ತುತ್ತಿದ್ದಳು, ಏನನ್ನೂ ಹಿಡಿಯದೆ.