ಒಂದು ಗೇಣು ಜಾಗ

ಎರಡು ಜುಟ್ಟು ಕೂಡಿದರೂ ಎರಡು ಜಡೆ ಕೂಡವೆಂದು
ಗಾದೆ ಕಟ್ಟಿದವನು ಎಲ್ ಆಲ್ತೋ ಸಂತೆಗೆ ಬಂದವನಲ್ಲ.
ಇಲ್ಲಿ ಒಬ್ಬೊಬ್ಬಳಿಗೂ ಎರಡೆರಡು ಜಡೆ,
ಸೊಂಟದ ಹತ್ತಿರ ಕರಿ ಉಣ್ಣೆಯ ಕುಚ್ಚು ಹಾಕಿ
ಎರಡನ್ನೂ ಸೇರಿಸಿ ಗಂಟು.
ಹದಿಮೂರು ಸಾವಿರ ಅಡಿ ಮೇಲಿನ ಗಾಳಿ ನೋಡಿ,
ಬಿಟ್ಟರೆ ಮುಖಕ್ಕೇ ಹೊಡೆಯುತ್ತವೆ.

ಹಾಗಂತ ಜಗಳ ಇಲ್ಲವೆಂದಲ್ಲ.
ಪ್ರಿಮಿತಿವಾ ಲಾರುತಾ, ಕಸಿಲ್ದಾ ಯುಹ್ರಾ,
ಇಬ್ಬರ ಮುಂದೆಯೂ ಅದೇ ಚೂನ್ಯೋ ಮೂಟೆ:
ಇರುಳ ಹಿಮಕ್ಕೆ ಹಾಸಿ, ಹಗಲು ಕಾಲಲ್ಲಿ ತುಳಿದು
ಕಲ್ಲಿನಂತೆ ಒಣಗಿಸಿದ ಆಲೂಗಡ್ಡೆ.
ನಡುವೆ ಸೀಮೆಸುಣ್ಣದ ಗೆರೆ.
ಗೆರೆ ಒಂದು ಗೇಣು ಅತ್ತ ಸರಿದಿದೆಯೆಂದು ಒಬ್ಬಳು,
ಇತ್ತ ಸರಿದಿದೆಯೆಂದು ಇನ್ನೊಬ್ಬಳು.
ಎರಡು ವರ್ಷ ಮಾತಿಲ್ಲ,
"ಮೂಟೆ ಎಳೆ" ಅನ್ನುವುದೊಂದನ್ನು ಬಿಟ್ಟು.

ಮಿನಿಬಸ್ಸಿನ ಹುಡುಗರಿಗೆ ಅದೇ ಮೋಜು.
ಒಬ್ಬಳ ಜಡೆಗೆ ಒಬ್ಬಳು ಕೈ ಹಾಕುವುದು
ಈ ಗುರುವಾರವೋ ಭಾನುವಾರವೋ ಅಂತ
ಐದೈದು ಬೊಲಿವಿಯಾನೋ ಪಂಥ.
(ಪಾಳಿಯ ಜಗಳದಲ್ಲಿ ಅವರೇ ಕಳೆದ ವಾರ
ತಮ್ಮವನೊಬ್ಬನ ಎರಡು ಹಲ್ಲು ಉದುರಿಸಿದ್ದರು.
ಅದಕ್ಕೆ ಯಾರೂ ಗಾದೆ ಕಟ್ಟಲಿಲ್ಲ.)

ಜೂನಿನ ಒಂದು ಗುರುವಾರ
ಕಸಿಲ್ದಾ ಬಲಗೈಗೆ ಪಟ್ಟಿ ಬಿಗಿಸಿಕೊಂಡು ಬಂದಳು.
ಟೊಪ್ಪಿಯ ಕೆಳಗೆ ಕೆದರಿದ ಕೂದಲು
ತಕ್ಕಡಿಗೆ ಸಿಕ್ಕುತ್ತಿತ್ತು, ಬಾಯಿಗೆ ಸಿಕ್ಕುತ್ತಿತ್ತು.
"ಮೆಟ್ಟಿಲ ಮೇಲೆ ಮಂಜುಗಡ್ಡೆ, ಜಾರಿದೆ"
ಅಂದಳು, ಯಾರೂ ಕೇಳದೆ.

ಪ್ರಿಮಿತಿವಾಗೆ ಆ ಮೆಟ್ಟಿಲು ಗೊತ್ತು.
ಹನ್ನೆರಡು ವರ್ಷದ ಹಿಂದೆ ತಾನೂ ಜಾರಿದ್ದಳು,
ಅದೇ ಮಂಜು, ಅದೇ ಮಾತು,
ಮೆಟ್ಟಿಲೇ ಇಲ್ಲದ ಮನೆಯಲ್ಲಿ.

ಎದ್ದಳು. ಲಂಗದ ನೆರಿಗೆ ಕೊಡವಿ
ಗೆರೆ ದಾಟಿದಳು.
"ನೋಡ್ರೋ, ಶುರು!" ಮಿನಿಬಸ್ಸಿನ ಬಾಗಿಲಲ್ಲಿ ಸೀಟಿ.

ಕಸಿಲ್ದಾಳ ಬೆನ್ನ ಹಿಂದೆ ಬೋರಲು ಡಬ್ಬದ ಮೇಲೆ ಕೂತು,
ಅವಳ ಟೊಪ್ಪಿ ತೆಗೆದು ತನ್ನ ಮಂಡಿಗೆ ಸಿಕ್ಕಿಸಿ,
ಹಲ್ಲಲ್ಲಿ ಬಾಚಣಿಗೆ ಕಚ್ಚಿ ಬೈತಲೆ ತೆಗೆದಳು.
ಎಡಗಿವಿಯ ಹಿಂದೆ ಬೆರಳು ತುಸು ತಡೆಯಿತು,
ಅಲ್ಲಿಂದ ಸುತ್ತಿಕೊಂಡು ಹೋಯಿತು.
ಮೂರು ಕಾಲು ಈ ಕಡೆ, ಮೂರು ಕಾಲು ಆ ಕಡೆ,
ಕೆಳಗೆ ಕುಚ್ಚು.
"ನೋವಾಯಿತೇ" ಅನ್ನಲಿಲ್ಲ.
"ಇಷ್ಟು ಒರಟು ಕೂದಲು ನಮ್ಮ ಲಾಮಾಗೂ ಇರಲಿಲ್ಲ" ಅಂದಳು.
ಕಸಿಲ್ದಾಳ ಭುಜ ಅಲುಗಿತು.
ನಗುವೋ ಏನೋ, ಮುಖ ಅತ್ತ ಇತ್ತು.

ಜಡೆಗೆ ಕೈ ಹಾಕಿದ್ದಂತೂ ಹೌದು.
ಪಂಥ ಗೆದ್ದವರು ಯಾರೆಂದು
ಹುಡುಗರು ಇನ್ನೂ ಕಚ್ಚಾಡುತ್ತಿದ್ದಾರೆ.

ಪಾಸನಾಕು ಚೀಟಿಯಲ್ಲಿ ಆ ತಿಂಗಳ ಸರದಿ ಪ್ರಿಮಿತಿವಾಳದು,
ಸೋರುವ ಸೂರಿಗೆ ತಗಡು ತರಬೇಕಿತ್ತು.
"ನನಗೆ ಡಿಸೆಂಬರ್ ಸಾಕು" ಎಂದು
ಹತ್ತು ಹೆಂಗಸರೆದುರು ಗಂಟನ್ನು ಅತ್ತ ಸರಿಸಿದಳು.
ಹುರಿಗಾಳಿನ ಹೆನೋವೇವಾ ಗೊಣಗಿದಳು,
ಸರದಿ ಅಂದರೆ ಸರದಿ ಎಂದು.
ಗೊಣಗುತ್ತಲೇ ತನ್ನ ಓಣಿಯಲ್ಲೊಂದು ಕೋಣೆ ಹುಡುಕಿಕೊಟ್ಟಳು,
ಒಳಗಿನಿಂದ ಅಗುಳಿ ಇರುವಂಥದ್ದು.

ಈಗ ಕೈ ನೆಟ್ಟಗಾಗಿದೆ.
ಜಡೆ ತಾನೇ ಹೆಣೆದುಕೊಳ್ಳುತ್ತಾಳೆ,
ಕುಚ್ಚಿನ ಗಂಟಿಗೆ ಮಾತ್ರ ಸುಮ್ಮನೆ ಬೆನ್ನು ತಿರುಗಿಸಿ ಕೂರುತ್ತಾಳೆ.

ಗೆರೆಯೇ? ಇದೆ.
ಮಳೆಗೆ ಅಳಿಸಿದಾಗೆಲ್ಲ ಇಬ್ಬರೂ ಬರೆಯುತ್ತಾರೆ,
ಅವಳದು ಅಲ್ಲಿ, ಇವಳದು ಇಲ್ಲಿ.
ನಡುವೆ ಉಳಿದ ಗೇಣು ಜಾಗದಲ್ಲಿ
ಪಟ್ಟೆ ಪಟ್ಟೆ ಬಟ್ಟೆ ಸುತ್ತಿಕೊಂಡು
ಕಸಿಲ್ದಾಳ ಮಗು ಮಲಗಿದೆ.
"ಮೂಟೆ ಎಳೆ" ಅನ್ನುತ್ತಾಳೆ ಪ್ರಿಮಿತಿವಾ,
ಎಚ್ಚರವಾಗದ ಹಾಗೆ, ಸಣ್ಣ ದನಿಯಲ್ಲಿ.