ಗುಳ್ಳೆ

"ಬೋರಲಿಂಗು ಕಡೆಯವರು ಯಾರಮ್ಮಾ?"
ಸಿಸ್ಟರು ಮೂರು ಸಲ ಕೂಗಿದ ಮೇಲೆ ಎದ್ದೆ.
ಆ ಹೆಸರನ್ನು ರೇಷನ್ ಕಾರ್ಡಿನಲ್ಲಿ ಓದಿದ್ದೇನೆ,
ಹದಿನೇಳು ವರ್ಷದಲ್ಲಿ ಒಮ್ಮೆಯೂ
ಬಾಯಿಬಿಟ್ಟು ಕರೆದವಳಲ್ಲ.
ತೋರಿಸಿದ ಕಡೆ ಸಹಿ ಹಾಕಿದೆ.

ಡಾಕ್ಟ್ರಮ್ಮ ಚೀಟಿಯ ಹಿಂದೆ ಚಿತ್ರ ಬರೆದರು:
ಎದೆಯೊಳಗೆ ಕೀವು ತುಂಬಿ, ಬತ್ತಿ,
ಶ್ವಾಸಕೋಶದ ಸುತ್ತ ಪೊರೆ ದಪ್ಪಗಟ್ಟಿದೆ,
ಒಳಗಿನದು ಹಿಗ್ಗಲಾರದೆ ಮುದುಡಿ ಕೂತಿದೆ.
"ಅಂದ್ರೆ ಟ್ಯೂಬು ಸರಿಯಾಗೇ ಅದೆ,
ಟಯರು ಬಿಗಿದ್ಕೊಂಡದೆ" ಅಂದರು ಇವರು,
ಒಂದೊಂದು ಮಾತಿಗೂ ಒಂದೊಂದು ಏದುಸಿರು ತೆತ್ತು.
ಡಾಕ್ಟ್ರಮ್ಮ ಪೆನ್ನು ಎತ್ತಿದವರು ಹಾಗೇ ಇವರನ್ನು ನೋಡಿದರು.
"ಅದನ್ನೇ ಸುಲೀತೀವಿ."

ಸುಲಿಯುವುದು ನನಗೆ ಗೊತ್ತು.
ಗುತ್ತಲು ರಸ್ತೆಯ ನಮ್ಮ ಪಂಚರ್ ಅಂಗಡಿ ಮುಚ್ಚಿ
ರಾತ್ರಿ ದೀಪದ ಕೆಳಗೆ ಕೂತು ಇವರು
ಬೆರಳಿಗಂಟಿದ ಸಲ್ಯೂಷನ್ನು ಕೀಳುತ್ತಿದ್ದರು.
ಬೆರಳಿನ ಗೆರೆಯ ಸಮೇತ ತೆಳ್ಳಗೆ ಎದ್ದು ಬರುತ್ತಿತ್ತು.
ಅವಸರ ಮಾಡಿದರೆ ಚರ್ಮವೂ ಬರುತ್ತೆ.
ಚಿಕ್ಕವಳು ಆ ಚೂರುಗಳನ್ನು ಆಯ್ದು
ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ, ಯಾಕೋ ಏನೋ.

ಐದು ಗಂಟೆ.
ದೊಡ್ಡಾಸ್ಪತ್ರೆಯ ಮೆಟ್ಟಿಲ ಮೇಲೆ
ಮಳವಳ್ಳಿ ಕಡೆಯ ಅಜ್ಜಿಯೊಬ್ಬಳು ಅರ್ಧ ಬನ್ನು ಕೊಟ್ಟಳು.
ತಿಂದೆನೋ ಇಲ್ಲವೋ.
ಇರ್ವಿನ್ ರಸ್ತೆಯಲ್ಲಿ ಬಸ್ಸುಗಳು
ಬ್ರೇಕಿನ ಗಾಳಿ ಬಿಟ್ಟಾಗೆಲ್ಲ ಬೆಚ್ಚಿದೆ.

ಆಮೇಲೆ ಕರೆದು ಸ್ಟೀಲಿನ ಟ್ರೇಯಲ್ಲಿ ತೋರಿಸಿದರು.
ಬೂದುಬಿಳುಪು. ಕೆಲವು ಕಡೆ ನನ್ನ ಕಿರುಬೆರಳ ದಪ್ಪ.
ಸವೆದ ಚಪ್ಪಲಿಯ ಅಟ್ಟೆಯಂಥದ್ದು.
ಇದನ್ನು ಒಳಗೆ ಸುತ್ತಿಕೊಂಡೇ ಎಂಟು ತಿಂಗಳು
ಕಬ್ಬಿನ ಲಾರಿಯ ಚಕ್ರ ಎತ್ತಿದ್ದರು.
ಕೆಮ್ಮು ಅಂದರೆ ಕಾರ್ಖಾನೆ ಹೊಗೆ ಅಂದರು,
ಸುಸ್ತು ಅಂದರೆ ವಯಸ್ಸು ಅಂದರು.
ಕೈಮುಗಿಯಬೇಕೋ ಉಗಿಯಬೇಕೋ ತಿಳಿಯದೆ
ಟ್ರೇ ಕಡೆ ತಲೆಯಾಡಿಸಿದೆ.

ಪಕ್ಕೆಯಿಂದ ಇಳಿದ ಕೊಳವೆ
ಮಂಚದ ಕೆಳಗಿನ ನೀರಿನ ಸೀಸೆಗೆ.
ಉಸಿರು ಬಿಟ್ಟರೆ ಗುಳುಗುಳು,
ಕೆಮ್ಮಿದರೆ ಗುಳುಗುಳುಗುಳು.
ವಾರ್ಡೆಲ್ಲ ಮಲಗಿದ ಮೇಲೆ ನೆಲದಲ್ಲಿ ಒರಗಿ
ಆ ಗುಳ್ಳೆಗಳನ್ನು ಕಾಯುತ್ತಿದ್ದೆ,
ಒಲೆಯ ಮೇಲಿನ ಎಸರು ಕಾದ ಹಾಗೆ.
ಗುಳ್ಳೆ ಇದೆ, ಉಸಿರಿದೆ. ಅಷ್ಟೇ ನನ್ನ ಲೆಕ್ಕ.

ಇವರ ಲೆಕ್ಕವೇ ಬೇರೆ.
ರೌಂಡಿಗೆ ಬಂದವರಿಗೆ ಹೇಳಿದರು:
"ಇನ್ನೂ ಲೀಕು ಅದೆ ಮೇಡಂ. ಸಣ್ಣದು. ಮೊಳೆದಲ್ಲ,
ಪ್ಯಾಚಿನ ಅಂಚು ಕಚ್ಚಿಲ್ಲ."
ಹಿಂದೆ ನಿಂತ ಓದುವ ಹುಡುಗರು ನಕ್ಕರು.
ಡಾಕ್ಟ್ರಮ್ಮ ನಗಲಿಲ್ಲ. ಬಗ್ಗಿ ಸೀಸೆ ನೋಡಿ
"ಹೌದು. ಕಚ್ಚಲಿ ಬಿಡಿ" ಅಂದರು.
ಉಸಿರೆಳೆಯಲು ಮೂರು ಚೆಂಡಿನ ಡಬ್ಬಿ ಕೊಟ್ಟರು.
ಊರಿನ ಗಾಡಿಗೆಲ್ಲ ಗಾಳಿ ತುಂಬಿದವರು
ಒಂದು ನೀಲಿ ಚೆಂಡು ಏರಿಸಲು ಬೆವೆತುಹೋದರು.

ಆರನೇ ರಾತ್ರಿ, ಎರಡೋ ಎರಡೂವರೆಯೋ,
ಎಚ್ಚರಾಯಿತು.
ಸದ್ದಿಲ್ಲ.
ಸೀಸೆಯಲ್ಲಿ ನೀರು ಸುಮ್ಮನೆ ಕೂತಿದೆ.
ಸಿಸ್ಟರ್ ಅನ್ನಲಿಲ್ಲ, ಮಾದಪ್ಪಾ ಅನ್ನಲಿಲ್ಲ,
"ಬೋರಲಿಂಗೂ" ಅಂತ ಕೂಗಿಬಿಟ್ಟೆ,
ಇಡೀ ವಾರ್ಡು ಎದ್ದು ಕೂರುವ ಹಾಗೆ.

ಇವರ ಕಣ್ಣು ತೆರೆದೇ ಇದ್ದವು.
"ಸುಮ್ಕಿರಮ್ಮಿ. ಆಗ್ಲಿಂದ ನೋಡ್ತಾ ಇವ್ನಿ.
ಕಚ್ಕೊಂಡದೆ."
ಬೆರಳು ತೋರಿಸಿದ ಕಡೆ ಬಗ್ಗಿ ನೋಡಿದೆ:
ಕೊಳವೆಯೊಳಗಿನ ನೀರಿನ ಗೆರೆ
ಒಂದು ರಾಗಿಕಾಳಿನಷ್ಟು ಮೇಲೆ,
ಒಂದು ರಾಗಿಕಾಳಿನಷ್ಟು ಕೆಳಗೆ.

ಪಕ್ಕದ ಮಂಚದವರು ಕೇಳಿದರು, ಏನಾಯ್ತವ್ವಾ?
ಏನಿಲ್ಲ ಅಂದೆ,
ಹೆಸರು ಕರೆದೆ.